ಒಲೆಗೂ ಸಿಂಕಿಗೂ ನಡುವೆ

"ಸ್ವಲ್ಪ ನೀರು ಕೊಡ್ತೀಯಾ? ತೊಂದರೆ ಇಲ್ಲಾಂದ್ರೆ," ಎಂದು ಕಿಟಕಿಯ ಪಕ್ಕದ ಕುರ್ಚಿಯಿಂದ ಹೆಂಡತಿ ಕೇಳಿದಾಗ ಅವನು ಬಾಗಿಲ ಹತ್ತಿರ ಕೂತು ಷೂ ಹಾಕಿಕೊಳ್ಳುತ್ತಿದ್ದ. ನೀರು ಕೊಡುವುದರಲ್ಲಿ ಎಂಥ ತೊಂದರೆ, ಮಣ್ಣು! ಒಂದು ಕಾಲಿಗೆ ಷೂ, ಇನ್ನೊಂದಕ್ಕೆ ಬರೀ ಕಾಲುಚೀಲ, ಹಾಗೇ ಕುಂಟುತ್ತ ಅಡುಗೆಮನೆಗೆ ಹೋಗಿ ಲೋಟ ತುಂಬಿಸಿ ತಂದು ಅವಳ ಬೆರಳಿಗೆ ತಾಗಿಸಿದ. ಅವಳು ಎರಡೂ ಕೈಯಲ್ಲಿ ಹಿಡಿದು ಕುಡಿದು, ಬಾಯಿ ಒರೆಸಿಕೊಂಡು, "ಥ್ಯಾಂಕ್ಸ್" ಅಂದಳು. ಅದೊಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗೆ ಅವನನ್ನು ಚುಚ್ಚಿತು. ಕಾಲೇಜಿನ ಒಂದೇ ಬೆಂಚಿನಿಂದ ಶುರುವಾದ ಪರಿಚಯ ಅವರದು. "ಏ ಡಬ್ಬಾ, ನೀರು ಬೇಕೇನೋ?" ಎಂದು ತಾನೇ ತಂದು ಕುಕ್ಕುತ್ತಿದ್ದವಳು ಅವಳು. ಕಣ್ಣು ಹೋಗಿ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುವ ಸ್ಥಿತಿ ಬಂದಮೇಲೂ ಅಡುಗೆಮನೆಯಲ್ಲಿ ಒಬ್ಬಳೇ ಓಡಾಡಿ, ಚಹಾ ಕಾಯಿಸಿ, "ಬಂದು ಕುಡಿ, ಆರಿ ಹೋದ್ರೆ ನನ್ನ ಕೇಳ್ಬೇಡ" ಎಂದು ಗದರುತ್ತಿದ್ದವಳು. ಈಗ ಒಂದು ವಾರದಿಂದ ಅವಳು ಅಡುಗೆಮನೆಗೆ ಕಾಲಿಟ್ಟಿಲ್ಲ. ತನ್ನ ಮನೆಯಲ್ಲೇ ನೆಂಟರವಳ ಹಾಗೆ ಆ ಕುರ್ಚಿಯಲ್ಲಿ ಕೂತಿದ್ದಾಳೆ. ಭಾನುವಾರ ಅವಳ ಅಕ್ಕ ಬಂದು ಕರೆದುಕೊಂಡು ಹೋಗುತ್ತಾಳಂತೆ. "ಸ್ವಲ್ಪ ದಿನ ಇದ್ದು ಬರ್ತೀನಿ. ನಿನಗೂ ಆರಾಮು," ಎಂದಿದ್ದಳು. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಹೋದವಳು ಅಲ್ಲೇ ಉಳಿದುಬಿಟ್ಟರೆ ಎಂಬ ಹೆದರಿಕೆ ಮಾತ್ರ ಬಂದು ಮನಸ್ಸಿನಲ್ಲಿ ಬೀಡುಬಿಟ್ಟಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದರೂ ಅವನು ಹೊರಗೆ ನೋಡಲಿಲ್ಲ. ತಾನು ಜೋಡಿಸಿದ ಅಡುಗೆಮನೆಯನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ತೆರೆದು ನೋಡುತ್ತಿದ್ದ. ಜೋಡಿಸುವುದೇ ಅವನ ಕಸುಬು. ಊರಿನ ಬಸ್ಸುಗಳು ಈಗ ಎಲ್ಲೆಲ್ಲಿವೆ, ಯಾವುದು ಯಾವ ನಿಲ್ದಾಣಕ್ಕೆ ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕಿ ನಿಲ್ದಾಣದ ಮೈಕಿನಲ್ಲಿ ಹೇಳಿಸುವ ಪ್ರೋಗ್ರಾಮ್ ಬರೆಯುವ ಕಂಪನಿ ಅವನದು. ಅದರಲ್ಲಿ ಯಾವ ಮಾಹಿತಿ ಮೆಮೊರಿಯಲ್ಲಿ ಯಾವುದರ ಪಕ್ಕ ಕೂರಬೇಕು ಎಂದು ತೀರ್ಮಾನಿಸುವವನು ಅವನು. ಪ್ರೊಸೆಸರ್ ಎಂಬುದು ಮಹಾ ಚುರುಕು, ಆದರೆ ಮೆಮೊರಿ ದೂರದ ಉಗ್ರಾಣ. ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಹೇಳಿ ಕಳಿಸಿ ತರಿಸುವುದಾದರೆ ಅಷ್ಟು ಹೊತ್ತೂ ಪ್ರೊಸೆಸರ್ ಕೈ ಕಟ್ಟಿ ಕೂರಬೇಕು. ಅದಕ್ಕೇ ಅದರ ಮಗ್ಗುಲಲ್ಲಿ ಕ್ಯಾಶ್ ಎಂಬ ಪುಟ್ಟ ಕಪಾಟು. ಉಗ್ರಾಣದಿಂದ ಒಂದನ್ನು ಕೇಳಿದರೆ ಅದರ ಅಕ್ಕಪಕ್ಕದ್ದೂ ಸೇರಿ ಅರವತ್ನಾಲ್ಕು ಬೈಟಿನ ಒಂದು ಕಟ್ಟಾಗಿ ಈ ಕಪಾಟಿಗೆ ಬರುತ್ತದೆ. ಆದ್ದರಿಂದ ಒಟ್ಟಿಗೆ ಬೇಕಾಗುವುದನ್ನು ಒಟ್ಟಿಗೇ ಇಡಬೇಕು. ಬಸ್ಸು ಎಲ್ಲಿದೆ, ಎಷ್ಟು ವೇಗ, ಮುಂದಿನ ನಿಲ್ದಾಣ ಯಾವುದು, ಇವು ಕ್ಷಣಕ್ಷಣಕ್ಕೂ ಬೇಕು, ಅಂಟಿಕೊಂಡೇ ಇರಲಿ. ಚಾಲಕನ ಹೆಸರು, ಬಸ್ಸು ಕೊನೆಗೆ ರಿಪೇರಿಯಾದ ದಿನ, ಇವನ್ನು ಕೇಳುವವರಾರು, ದೂರ ಹೋಗಲಿ. ಇದನ್ನೆಲ್ಲ ಮದುವೆಗೆ ಮುಂಚೆ ಅವಳಿಗೆ ಉತ್ಸಾಹದಿಂದ ವಿವರಿಸಿದಾಗ ಅವಳು ಗಂಭೀರವಾಗಿ ಕೇಳಿ, "ಅಂದ್ರೆ ನೀನು ಅಡುಗೆಮನೆ ಕಪಾಟು ಜೋಡಿಸೋನು. ಅದಕ್ಕೆ ಇಷ್ಟು ಸಂಬಳಾನಾ?" ಎಂದು ನಕ್ಕಿದ್ದಳು. ಅವಳಕ್ಕನಂತೂ ಕ್ಯಾಶ್ ಎಂದದ್ದನ್ನು ಕೇಳಿ ಇವನು ಬ್ಯಾಂಕಿನಲ್ಲಿದ್ದಾನೆ ಎಂದೇ ಎಷ್ಟೋ ಕಾಲ ನಂಬಿದ್ದಳು.

ಅವಳು ಹಿಂದಿನ ಸಲ ಅಕ್ಕನ ಮನೆಗೆ ಹೋದಾಗ ಇವನಿಗೆ ಆ ಹಳೇ ಮಾತು ನೆನಪಾಯಿತು, ಅದೇ ಎಡವಟ್ಟಾದದ್ದು. ಪಾಪ, ಅವಳು ಚಹಾಪುಡಿಗೆ ಒಂದು ಮೂಲೆಗೆ, ಸಕ್ಕರೆಗೆ ಇನ್ನೊಂದು ಮೂಲೆಗೆ, ಕಪ್ಪಿಗೆ ಬಾಗಿಲ ಹತ್ತಿರಕ್ಕೆ ಯಾಕೆ ಅಲೆಯಬೇಕು? ರಜೆ ಹಾಕಿ, ತೋಳು ಮಡಚಿ, ಇಡೀ ಅಡುಗೆಮನೆ ಕೆಳಗಿಳಿಸಿದ. ಚಹಾಪುಡಿ, ಸಕ್ಕರೆ, ಹಾಲಿನ ಪಾತ್ರೆ, ಕಪ್ಪು, ಸೋಸುವ ಜಾಲರಿ, ಎಲ್ಲ ಒಲೆಯ ಬಲಗಡೆ, ಒಂದು ಕೈ ಚಾಚಿದರೆ ಸಿಗುವ ಹಾಗೆ. ಅಪರೂಪಕ್ಕೆ ಬೇಕಾಗುವುದು ಅಟ್ಟಕ್ಕೆ. ಯಾತಕ್ಕೂ ಬೇಡವಾದದ್ದು ಗುಜರಿಗೆ: ಮುಚ್ಚಳವಿಲ್ಲದ ಬಾಟಲಿಗಳು, ಹಿಡಿ ಮುರಿದ ಬಾಣಲೆ, ಒಲೆಗೂ ಸಿಂಕಿಗೂ ನಡುವೆ ಸುಮ್ಮನೆ ನಿಂತಿದ್ದ ಒಂದು ಉದ್ದನೆಯ ಬಿಸ್ಕತ್ತಿನ ಡಬ್ಬ. ಅದರ ತಳ ತುಕ್ಕು ಹಿಡಿದಿತ್ತು, ಮುಚ್ಚಳ ಕಚ್ಚಿಕೊಂಡಿತ್ತು. ಅಲ್ಲಾಡಿಸಿದರೆ ಏನೂ ಸದ್ದಿಲ್ಲ. ಇಷ್ಟು ದಿನ ಇಂಥ ಖಾಲಿ ಡಬ್ಬವನ್ನು ನೆಟ್ಟನಡುವೆ ಇಟ್ಟುಕೊಂಡಿದ್ದಾಳಲ್ಲ ಎಂದು ಒಬ್ಬನೇ ನಕ್ಕಿದ್ದ. ಅವಳು ಬಂದಮೇಲೆ ಅವಳ ಕೈ ಹಿಡಿದು ಒಂದೊಂದನ್ನೂ ಮುಟ್ಟಿಸಿದ. ಅವಳು ಮುಟ್ಟುತ್ತ ಹೋದಳು, ಕೊನೆಗೆ "ಚೆನ್ನಾಗಿದೆ" ಅಂದಳು. ಬಹುಮಾನ ಬಂದವನ ಹಾಗೆ ಆ ಒಂದು ಮಾತು ಹಿಡಿದುಕೊಂಡು ಇಡೀ ಸಂಜೆ ಬೀಗಿದ್ದನಲ್ಲ ಎಂದು ಈಗ ನೆನೆದರೆ ಮೈಯೆಲ್ಲ ಮುದುಡಿ ಹೋಗುತ್ತದೆ.

ಮಾರನೇ ದಿನ ಅವಳ ಜೊತೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಗಣಿತದ ಮೇಡಂ ಮನೆಗೆ ಬಂದರು. ಇವಳು ರಸಾಯನಶಾಸ್ತ್ರ ಹೇಳುತ್ತಿದ್ದವಳು, ಕಣ್ಣು ಮಂಜಾಗುವ ತನಕ. ಲ್ಯಾಬಿನಲ್ಲಿ ಯಾರಾದರೂ ಬಾಟಲಿಯ ಜಾಗ ಬದಲಾಯಿಸಿದರೆ ಇವಳ ಬಾಯಿಗೆ ಸಿಕ್ಕಿ ನುಚ್ಚುನೂರಾಗುತ್ತಿದ್ದರಂತೆ. "ಕೂತಿರಿ, ಚಹಾ ಮಾಡ್ಕೊಂಡು ಬರ್ತೀನಿ," ಎಂದು ಇವಳು ಎದ್ದು ಹೋದಳು. ಅವನು ಬಾಲ್ಕನಿಯಲ್ಲಿ ಫೋನಿನಲ್ಲಿದ್ದ. ಒಳಗೆ ಬಂದು ನೋಡಿದರೆ ಅವಳು ಅಡುಗೆಮನೆಯ ನಡುವೆ ನಿಂತಿದ್ದಾಳೆ. ಒಂದು ಕೈಯಲ್ಲಿ ಲೈಟರು, ಇನ್ನೊಂದು ಕೈ ಗಾಳಿಯಲ್ಲಿ. ಮುಖ ಫ್ರಿಜ್ಜಿನ ಕಡೆ. ಮುಂದೆ ಹೋಗಲಾರಳು, ಹಿಂದೆ ಬರಲಾರಳು. ಮೇಡಂ ಅವಳ ಕೈಯಿಂದ ಲೈಟರನ್ನು ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ಮೆಲ್ಲಗೆ ತೆಗೆದುಕೊಂಡು, "ಅಯ್ಯೋ ಪಾಪ, ನೀವು ಕೂತ್ಕೊಳ್ಳಿ ಮೇಡಂ, ನಾನು ಮಾಡ್ತೀನಿ," ಎಂದು ಮೊಣಕೈ ಹಿಡಿದು ನಡೆಸಿಕೊಂಡು ಹೋಗಿ ಕಿಟಕಿಯ ಪಕ್ಕ ಕೂರಿಸಿದರು. ಆ ಮನೆಯಲ್ಲಿ ಯಾರೂ ಆ ವರೆಗೆ ಅವಳನ್ನು ಪಾಪ ಎಂದಿರಲಿಲ್ಲ. ಅವಳು ಗಟ್ಟಿಯಾಗಿ ನಕ್ಕಳು. "ಮನೆಯವರು ಹೊಸದಾಗಿ ಜೋಡಿಸಿದಾರೆ, ರೂಢಿಯಾಗಿಲ್ಲ," ಎಂದು ಇವನ ಮಾನವನ್ನೇ ಕಾಪಾಡಿದಳು. ಅವತ್ತಿನಿಂದ ಅದೇ ಕುರ್ಚಿ, ಅದೇ "ತೊಂದರೆ ಇಲ್ಲಾಂದ್ರೆ."

ಇಳಿಯುವ ನಿಲ್ದಾಣ ತಪ್ಪಿಹೋಗುತ್ತಿತ್ತು. ದಡಬಡ ಇಳಿದ. ಇಳಿದು ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಿಲ್ದಾಣದ ಮೈಕು ಗಂಟಲು ಸರಿಮಾಡಿಕೊಂಡು ಆ ಬಸ್ಸು ಬರುತ್ತಿದೆ ಎಂದು ಸಾರಿತು. ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು, "ಇದಕ್ಕೊಂದು ಬುದ್ಧಿ ಬೇಡ್ವಾ! ಹೋಗಿದ್ದನ್ನ ಬರ್ತಿದೆ ಅನ್ನುತ್ತಲ್ಲ," ಎಂದು ಇವನ ಕಡೆ ನೋಡಿದರು. ಇವನು ಯಾರದೋ ಪ್ರೋಗ್ರಾಮಿರಬೇಕು ಎಂಬಂತೆ ತಲೆ ಆಡಿಸಿ ಮುಂದೆ ನಡೆದ.

ಆಫೀಸಿನಲ್ಲಿ ಅವನಿಗೆ ಜಿಪುಣ ಎಂದು ಹೆಸರು. ಹಿಂದಿನಿಂದ ಅನ್ನುತ್ತಾರೆ, ಒಮ್ಮೊಮ್ಮೆ ಮುಂದೆಯೂ. ಒಂದು ಬೈಟು ದಂಡವಾದರೂ ಅವನಿಗೆ ನಿದ್ದೆ ಬರುವುದಿಲ್ಲ ಎಂದು ತಮಾಷೆ. ಅದನ್ನವನು ಒಳಗೊಳಗೇ ಬಿರುದಿನ ಹಾಗೆ ಇಟ್ಟುಕೊಂಡಿದ್ದ. ಇವತ್ತು ಮೀಟಿಂಗಿನಲ್ಲಿ ಟೀಮ್ ಲೀಡರ್ ಗೋಡೆಯ ಪರದೆಯ ಮುಂದೆ ನಿಂತು ಇವನನ್ನು ನೇರವಾಗಿ ನೋಡದೆ ಮಾತು ಶುರು ಮಾಡಿದಾಗಲೇ ಅವನಿಗೆ ಏನೋ ವಾಸನೆ ಹೊಡೆಯಿತು. ಆಕೆ ಇವನಿಗಿಂತ ಚಿಕ್ಕವಳು, ಇವನ ಕೈಕೆಳಗೇ ಕೆಲಸ ಕಲಿತವಳು, ಈಗ ಇವನ ಮೇಲಿನವಳು. "ಬಸ್ಸು ಹೋದ್ಮೇಲೆ ಬರ್ತಿದೆ ಅಂತ ಹೇಳ್ತಿದೆ ಸಾರ್. ಜನ ಬಾಯಿಗೆ ಬಂದ ಹಾಗೆ ಬೈತಿದಾರೆ. ಹೋದ ಸಲ ನಾವು ಬದಲಾಯಿಸಿದ್ಮೇಲೆ ಶುರುವಾಗಿದ್ದು," ಅಂದಳು. ನಾವು ಎಂದದ್ದು ಅವಳ ದೊಡ್ಡತನ. ಬದಲಾಯಿಸಿದವನು ಇವನೊಬ್ಬನೇ. "ನನ್ನ ಭಾಗದಲ್ಲಿ ಏನೂ ಇಲ್ಲ, ನಾನು ಬರೀ ಕಸ ತೆಗೆದಿದ್ದು," ಎಂದು ಯಾರೂ ಕೇಳುವ ಮುಂಚೆಯೇ ಅವನ ಬಾಯಿಂದ ಬಂತು.

ಆಕೆ ಪರದೆಯ ಮೇಲೆ ಆ ಜಾಗವನ್ನು ದೊಡ್ಡದು ಮಾಡಿ ತೋರಿಸಿದಳು. ಎರಡು ಎಣಿಕೆಗಳು. ಒಂದು, ಬಸ್ಸುಗಳಿಂದ ಬರುವ ಸಂದೇಶಗಳನ್ನು ಎಣಿಸುವುದು. ಇನ್ನೊಂದು, ಮೈಕುಗಳಿಗೆ ಹೋಗುವ ಘೋಷಣೆಗಳನ್ನು ಎಣಿಸುವುದು. ಎರಡನ್ನೂ ಪ್ರೊಸೆಸರಿನೊಳಗಿನ ಬೇರೆ ಬೇರೆ ಕೋರುಗಳು, ಅಂದರೆ ತಮ್ಮತಮ್ಮದೇ ಕಪಾಟಿರುವ ಬೇರೆ ಬೇರೆ ಕೆಲಸಗಾರರ ಹಾಗೆ, ತಮ್ಮ ಪಾಡಿಗೆ ಎಣಿಸುತ್ತವೆ, ಒಂದಕ್ಕೊಂದು ಕೊಡುವುದು ತೆಗೆದುಕೊಳ್ಳುವುದು ಏನಿಲ್ಲ. ಈ ಎರಡರ ನಡುವೆ ಹಿಂದೆ ಯಾರೋ ಒಂದಷ್ಟು ಬೈಟುಗಳನ್ನು ಖಾಲಿ ಬಿಟ್ಟಿದ್ದರು. ಅವನ್ನು ಓದುವವರೂ ಇಲ್ಲ, ಬರೆಯುವವರೂ ಇಲ್ಲ. ಜಿಪುಣನ ಕಣ್ಣಿಗೆ ಬಿದ್ದು, ಇದೆಂಥ ದಂಡ ಎಂದು ಅವನು ತೆಗೆದುಹಾಕಿದ್ದ. ತೆಗೆದದ್ದೇ ಎರಡೂ ಎಣಿಕೆಗಳು ಅಂಟಿಕೊಂಡು ಒಂದೇ ಕಟ್ಟಿನೊಳಗೆ ಬಿದ್ದವು. ಈ ಕಡೆಯವನು ತನ್ನದನ್ನು ತಿದ್ದಿದರೆ ಆ ಕಡೆಯವನ ಕಪಾಟಿನಲ್ಲಿದ್ದ ಕಟ್ಟೂ ಹಳತಾಯಿತು, ಅವನು ಮತ್ತೆ ತರಿಸಿಕೊಳ್ಳಬೇಕು. ಅವನು ತಿದ್ದಿದರೆ ಇವನು. ಈ ತರಿಸುವುದರಲ್ಲೇ ಹೊತ್ತು ಹೋಗಿ ಘೋಷಣೆ ತಡವಾಗುತ್ತಿತ್ತು. ಜಗಳವೇ ಇಲ್ಲದ ಇಬ್ಬರು ದಿನವಿಡೀ ಒಂದೇ ಹೊದಿಕೆಯನ್ನು ಎಳೆದಾಡಿದ ಹಾಗೆ. "ಇದು ಖಾಲಿ ಅಂತ ತೆಗೆದ್ರಿ ಸಾರ್. ಆದ್ರೆ ಖಾಲಿ ಇರೋದೇ ಇದರ ಕೆಲಸ," ಅಂದಳು ಟೀಮ್ ಲೀಡರ್. ಆಮೇಲೆ, ಸಮಾಧಾನ ಮಾಡುವವಳ ಹಾಗೆ, "ನೀವೇ ಹೇಳ್ಕೊಟ್ಟಿದ್ದಲ್ವಾ, ಊಹೆ ಮಾಡ್ಬೇಡಿ, ಮೊದಲು ನೋಡಿ, ಆಮೇಲೆ ಕೈ ಹಾಕಿ ಅಂತ," ಎಂದು ಸೇರಿಸಿದಳು. ಯಾರೋ ಕೆಮ್ಮಿದರು. ಅವನು ಇಂಗು ತಿಂದ ಮಂಗನ ಹಾಗೆ ಕೂತ. ಗೊತ್ತಿಲ್ಲದ ವಿಷಯವಾಗಿದ್ದರೆ ಒಂದು ಮಾತು. ಇದನ್ನವನು ಈ ಕೋಣೆಯಲ್ಲಿದ್ದವರಿಗೆಲ್ಲ ಬೋರ್ಡಿನ ಮೇಲೆ ಬರೆದು ಪಾಠ ಹೇಳಿದ್ದ.

ಆಕೆ ಏನೋ ಒತ್ತಿದಳು. ಪರದೆಯ ಮೇಲೆ ಖಾಲಿ ಬೈಟುಗಳು ಮೊದಲಿನ ಜಾಗದಲ್ಲೇ ಬಂದು ಕೂತವು. ಸ್ವಲ್ಪ ಹೊತ್ತಿನಲ್ಲಿ ಪರೀಕ್ಷೆಗಿಟ್ಟ ಮೈಕು ಸರಿಯಾದ ಹೊತ್ತಿಗೆ ಸರಿಯಾದ ಬಸ್ಸಿನ ಹೆಸರು ಹೇಳಿತು. "ಅಷ್ಟೇನಾ?" ಎಂದು ಕೇಳಿದ. "ಅಷ್ಟೇ ಸಾರ್. ಹಳೇದು ಎಲ್ಲೂ ಹೋಗಿರಲ್ವಲ್ಲ, ಇದ್ದೇ ಇರುತ್ತೆ," ಎಂದು ಆಕೆ ಲ್ಯಾಪ್‌ಟಾಪ್ ಮಡಚಿದಳು.

ತನ್ನ ಮೇಜಿಗೆ ಬಂದು ಕೂತಾಗ ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು, ಆ ಒಂದು ಒತ್ತಿನ ಮೇಲೆ. ತಾನೂ ಇವತ್ತು ಮನೆಗೆ ಹೋಗಿ ಎಲ್ಲವನ್ನೂ ಹಳೇ ಜಾಗಕ್ಕೆ ಇಟ್ಟುಬಿಟ್ಟರೆ ಮುಗಿಯಿತಲ್ಲ. ಇಷ್ಟು ಸುಲಭದ್ದು ಒಂದು ವಾರದಿಂದ ಹೊಳೆಯಲಿಲ್ಲವಲ್ಲ! ಮನಸ್ಸು ಹಗುರಾಗಿ, ಕಣ್ಣು ಮುಚ್ಚಿ, ಹಳೇ ಅಡುಗೆಮನೆಯ ಬಾಗಿಲಲ್ಲಿ ನಿಂತ. ಎಡಗಡೆ ಮೊದಲನೇ ಹಲಗೆ. ಅಲ್ಲಿ ಏನಿತ್ತು? ಚಹಾಪುಡಿ ಅಲ್ಲಿತ್ತೋ, ಅದರ ಕೆಳಗಿತ್ತೋ? ಸಕ್ಕರೆ ಮೂಲೆಯಲ್ಲಿತ್ತು, ಯಾವ ಮೂಲೆ? ಕಪ್ಪುಗಳನ್ನು ಬೋರಲು ಹಾಕುತ್ತಿದ್ದಳೋ, ಅಂಗಾತವೋ? ಬಸ್ಸಿನ ದಾಖಲೆಯಲ್ಲಿ ಯಾವ ಬೈಟು ಎಲ್ಲಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವನಿಗೆ ತನ್ನ ಮನೆಯ ಸಕ್ಕರೆ ಡಬ್ಬಿ ಎಲ್ಲಿತ್ತೆಂದು ಗೊತ್ತಿಲ್ಲ. ಅವಳು ಅಲ್ಲಿ ಹೇಗೆ ಓಡಾಡುತ್ತಿದ್ದಳು ಎಂದೂ ಗೊತ್ತಿಲ್ಲ. ಯಾಕೆಂದರೆ ಅವನು ನೋಡಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಸತ್ಯ: ಅವಳ ಕಣ್ಣು ಹೋದಮೇಲೆ ಅವನು ಅವಳನ್ನು ನೋಡುವುದನ್ನೇ ಬಿಟ್ಟಿದ್ದ. ಅವಳು ಮಾತಾಡುತ್ತಿದ್ದರೆ ಇವನು ಫೋನು ನೋಡುತ್ತ ಹೂಂ, ಹೂಂ ಎನ್ನುತ್ತಿದ್ದ, ಅವಳಿಗೇನು ಕಾಣುತ್ತದೆಯೇ ಎಂದುಕೊಂಡು. ಒಂದು ಸಲ ಅವಳು ಮಾತು ನಿಲ್ಲಿಸಿ, "ಮುಖ ಈ ಕಡೆ ಇಟ್ಟು ಹೂಂ ಅನ್ನೋ. ನಿನ್ನ ದನಿ ಗೋಡೆಗೆ ಹೊಡೆದು ಬರ್ತಿದೆ," ಅಂದಿದ್ದಳು. ಅವತ್ತು ಇಬ್ಬರೂ ನಕ್ಕಿದ್ದರು. ಇವತ್ತು ಅವನಿಗೆ ಕಣ್ಣು ಮಂಜಾಯಿತು. ಪಕ್ಕದ ಮೇಜಿನವನು ನೋಡಿಬಿಟ್ಟಾನೆಂದು ಕನ್ನಡಕ ತೆಗೆದು ಒರೆಸುವ ನೆಪ ಮಾಡಿದ.

ಸಂಜೆ ಮನೆಗೆ ಬಂದಾಗ ಅವಳು ಅದೇ ಕುರ್ಚಿಯಲ್ಲಿದ್ದಳು. ಬಾಗಿಲ ಪಕ್ಕ ಅವಳ ಚೀಲ ಆಗಲೇ ತುಂಬಿ ನಿಂತಿತ್ತು. ಭಾನುವಾರಕ್ಕೆ ಇನ್ನೂ ಸಮಯವಿತ್ತು, ಆದರೂ ತುಂಬಿದ್ದಳು. "ಬಂದ್ಯಾ? ಚಹಾ ಮಾಡ್ಕೋ. ನನಗೂ ಒಂಚೂರು, ತೊಂದರೆ..." ಎನ್ನುತ್ತಿದ್ದ ಹಾಗೇ ಅವನು, "ತೊಂದರೆ ಇದೆ," ಅಂದುಬಿಟ್ಟ. ಅಂದಮೇಲೆ ತನಗೇ ಗಾಬರಿಯಾಗಿ ಅವಳ ಎದುರು ನೆಲದ ಮೇಲೆ ಕೂತ. ಮುಖ ಅವಳ ಕಡೆಗೇ ಇಟ್ಟುಕೊಂಡ. "ಎಲ್ಲಾ ಮೊದಲಿನ ಹಾಗೆ ಇಡೋಣ ಅಂದ್ಕೊಂಡೆ. ನೆನಪಿಗೇ ಬರ್ತಿಲ್ಲ. ಸಕ್ಕರೆ ಎಲ್ಲಿತ್ತು ಅನ್ನೋದೂ ಗೊತ್ತಿಲ್ಲ ನಂಗೆ."

ಅವಳ ದನಿ ಬಂತು, ಸಣ್ಣದಾಗಿ, ಆದರೆ ಬಿಸಿಯಾಗಿ. "ನನ್ನ ಒಂದು ಮಾತು ಕೇಳಿದ್ಯಾ ನೀನು? ಒಂದೇ ಒಂದು ಮಾತು? ಕಣ್ಣು ಹೋದಾಗ ಅಳ್ಲಿಲ್ಲ ನಾನು. ಅಡುಗೆಮನೆ ಇತ್ತು. ಅಲ್ಲಿ ನಾನು ನಾನೇ ಆಗಿದ್ದೆ ಕಣೋ. ನೀನು ಒಂದು ಮಧ್ಯಾಹ್ನದಲ್ಲಿ ನನ್ನ ಕುರುಡಿ ಮಾಡಿದೆ." ಅವಳು ಕುರ್ಚಿಯ ಅಂಚು ಹಿಡಿದು ಮುಂದಕ್ಕೆ ಬಾಗಿದಳು. "ಅವಳು ನನ್ನ ಪಾಪ ಅಂದ್ಳು. ನನ್ನ ಮನೇಲಿ, ನನ್ನ ಒಲೆ ಮುಂದೆ. ನಾನು ನಗಬೇಕಾಯ್ತು." ತಪ್ಪಾಯಿತು ಎಂಬ ಮಾತು ಅವನ ಬಾಯಿಯ ತನಕ ಬಂದು, ಇಷ್ಟು ದೊಡ್ಡ ಪೆಟ್ಟಿಗೆ ತೀರ ಚಿಕ್ಕದಾಗಿ ಕಂಡು ಹಿಂದೆ ಸರಿಯಿತು. ಆದರೂ ಒಂದು ವಿಚಿತ್ರವಾದ ನೆಮ್ಮದಿ ಅವನ ಮೈಯಲ್ಲಿ ಹರಡಿತು. ಒಂದು ವಾರದ ಮೇಲೆ ಇವತ್ತು ಅವಳು ಅವನನ್ನು ಬೈಯುತ್ತಿದ್ದಾಳೆ.

"ಏಳು," ಎಂದು ಅವಳೇ ಎದ್ದಳು. ಗೋಡೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, ಚೌಕಟ್ಟಿಗೆ ಒರಗಿ, ಕ್ಲಾಸಿನಲ್ಲಿ ನಿಂತ ಹಾಗೆ ನಿಂತಳು. "ಎಡಗಡೆ ಮೊದಲನೇ ಹಲಗೆ. ಮೊದಲು ಉಪ್ಪು. ಅಗಲ ಬಾಯಿದು. ಅದರ ಪಕ್ಕ ಕಪ್ಪು." "ಉಪ್ಪಿನ ಪಕ್ಕ ಕಪ್ಪಾ?" ಎಂದವನು ನಾಲಿಗೆ ಕಚ್ಚಿಕೊಂಡ. "ಹೂಂ, ಉಪ್ಪಿನ ಪಕ್ಕ ಕಪ್ಪು. ನೀನು ಇಡು, ತಲೆ ಓಡಿಸ್ಬೇಡ." ಅವನು ಇಟ್ಟ. ಕಪ್ಪು ಆದಮೇಲೆ ಚಹಾಪುಡಿ, ಅದು ಕಿಟಕಿಯ ಅಂಚಿಗೆ. ಅಲ್ಲಿಂದ ಎರಡು ಹೆಜ್ಜೆಗೆ ಸಕ್ಕರೆ. ಅವಳು ಹೇಳುತ್ತ ಹೇಳುತ್ತ ಕೈಯಿಂದ ಗಾಳಿಯಲ್ಲಿ ಒಂದೊಂದನ್ನೂ ಮುಟ್ಟುತ್ತಿದ್ದಳು, ಇವನು ಆ ಕೈಯನ್ನೇ ನೋಡುತ್ತಿದ್ದ. ಬಾಗಿಲಿನಿಂದ ಹೊರಟ ಕೈ ಗೋಡೆ ಬಿಡದೆ ಒಂದು ಸುತ್ತು ಬರುತ್ತದೆ. ಒಂದನ್ನು ಮುಟ್ಟಿದರೆ ಮುಂದಿನದು ಎಲ್ಲಿದೆ ಎಂದು ಅದು ತಿಳಿಸುತ್ತದೆ, ಅದು ಅದರ ಮುಂದಿನದನ್ನು. ಅಲೆದಾಟವೆಂದು ಅವನು ಕರುಣೆ ತೋರಿಸಿದ್ದು ಅವಳ ದಾರಿಗೆ. ಹತ್ತಿರ ಹತ್ತಿರ ಗುಡ್ಡೆ ಹಾಕಿ ಆ ದಾರಿಯನ್ನೇ ಅಳಿಸಿಬಿಟ್ಟಿದ್ದ.

"ಆಮೇಲೆ ಸಿಂಕು. ಸಿಂಕಾದ್ಮೇಲೆ ಡಬ್ಬ," ಅಂದಳು.

ಅವನು ನಿಂತಲ್ಲೇ ನಿಂತ. "ಯಾವ ಡಬ್ಬ?" ಎಂದು ಗೊತ್ತಿದ್ದೂ ಕೇಳಿದ.

"ಬಿಸ್ಕತ್ ಡಬ್ಬ ಕಣೋ, ಉದ್ದಂದು. ಅದನ್ನ ಮುಟ್ಟಿದ್ರೆ ಇಲ್ಲಿಗೆ ನೀರು ಮುಗೀತು, ಮುಂದೆ ಬೆಂಕಿ ಅಂತ. ಈ ಕಡೆ ಒದ್ದೆ ಕೈ, ಆ ಕಡೆ ಒಣ ಕೈ. ಅವತ್ತು ಅದಕ್ಕೇ ತಡಕಾಡಿದ್ದು ನಾನು. ಅದು ಸಿಗ್ಲಿಲ್ಲ, ಬೆಂಕಿ ಎಲ್ಲಿ ಶುರುವಾಗುತ್ತೆ ಗೊತ್ತಾಗ್ಲಿಲ್ಲ."

"ಗುಜರಿಗೆ ಹಾಕಿದೆ," ಅಂದ. "ಖಾಲಿ ಇತ್ತು ಅಂತ."

"ಖಾಲಿ ಇದ್ದದ್ದು ನಂಗೂ ಗೊತ್ತಿತ್ತು," ಅಂದಳು. ಅವಳ ಮುಖದಲ್ಲಿ ಕೋಪ ಕಾಣಲಿಲ್ಲ, ದಣಿವು ಕಂಡಿತು. ಇನ್ನು ಅವಳು ತಿರುಗಿ ಕುರ್ಚಿಗೆ ಹೋಗುತ್ತಾಳೆ ಎಂದು ಅವನಿಗೆ ಅನಿಸಿತು. ಹೋದರೆ ಮುಗಿಯಿತು. ಬೇರೇನೂ ತೋಚದೆ ಅವನು ಒಲೆಗೂ ಸಿಂಕಿಗೂ ನಡುವಿನ ಕಟ್ಟೆಯ ಮೇಲೆ ತನ್ನ ಮೊಣಕೈ ಊರಿ, ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ, ಮುಷ್ಟಿ ಕಟ್ಟಿದ. "ಇದೆ. ಬಾ," ಎಂದ.

ಅವಳು ನಂಬದೆ ಒಂದು ಕ್ಷಣ ನಿಂತಳು. ಆಮೇಲೆ ಹೊರಟಳು. ಉಪ್ಪು, ಕಪ್ಪು, ಚಹಾಪುಡಿ, ಸಕ್ಕರೆ. ಬೆರಳು ಒಂದೊಂದನ್ನೂ ತಟ್ಟಿ ಹಾಜರಿ ತೆಗೆದುಕೊಳ್ಳುತ್ತ ಬಂತು. ಕಪ್ಪೊಂದನ್ನು ಸ್ವಲ್ಪ ಆಚೆ ಸರಿಸಿ, "ಇಷ್ಟೂ ಗೊತ್ತಾಗಲ್ಲ," ಎಂದು ಗೊಣಗಿದಳು. ಸಿಂಕಿನಲ್ಲಿ ಪಾತ್ರೆಗೆ ನೀರು ಹಿಡಿದಳು. ಒದ್ದೆ ಕೈ ಮುಂದೆ ಬಂದು ಅವನ ಮುಷ್ಟಿಗೆ ತಾಗಿತು. ಅಲ್ಲೇ ನಿಂತು ಬೆರಳುಗಳನ್ನು, ಮಣಿಕಟ್ಟನ್ನು, ಗಡಿಯಾರದ ಪಟ್ಟಿಯನ್ನು ತಡವಿ ನೋಡಿತು.

"ಏನೋ ಇದು?"

"ಡಬ್ಬ."

"ಡಬ್ಬ ತಣ್ಣಗಿರ್ತಿತ್ತು," ಅಂದಳು. ಆದರೆ ಕೈಯನ್ನು ಬೇಗ ತೆಗೆಯಲಿಲ್ಲ. ಒದ್ದೆಯನ್ನು ಅವನ ತೋಳಿಗೇ ಒರೆಸಿ, ಒಣಗಿದ ಕೈಯಿಂದ ಅವನನ್ನು ದಾಟಿ ಹೋಗಿ ಒಲೆಯ ತಿರುಪು ಹಿಡಿದು ಲೈಟರು ಒತ್ತಿದಳು. ಬೆಂಕಿ ಹತ್ತಿದ ಸದ್ದಿಗೆ ಅವನಿಗೆ ಮೊಣಕೈ ನೋಯುತ್ತಿರುವುದು ಗೊತ್ತಾಯಿತು. ಅಲ್ಲಾಡಲಿಲ್ಲ. ಹಾಲು ಉಕ್ಕುವ ತನಕ ಅವಳು ಆ ಕಡೆ ಈ ಕಡೆ ಎಷ್ಟು ಸಲ ಹೋಗಿಬಂದಳೋ, ಹೋಗುವಾಗಲೂ ಬರುವಾಗಲೂ ಮುಟ್ಟಿಯೇ ಹೋದಳು. ಅವನು ಅವಳ ಮುಖ ನೋಡುತ್ತಿದ್ದ. ಹುಬ್ಬಿನ ಹತ್ತಿರ ಒಂದು ನರೆಗೂದಲು ಇಳಿದಿತ್ತು, ಯಾವಾಗ ನರೆಯಿತೋ.

ಚಹಾ ಸೋಸುವಾಗ ಅವಳ ಫೋನು ಬಡಿದುಕೊಂಡಿತು. ಅಕ್ಕ. ಅವಳು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಸೋಸುವುದನ್ನು ನಿಲ್ಲಿಸದೆ ಮಾತಾಡಿದಳು. "ಹೂಂ ಅಕ್ಕ... ಚೀಲಾನಾ? ಬಿಚ್ಚಿಡ್ತೀನಿ ಬಿಡು... ಇಲ್ಲ, ಭಾನುವಾರ ನೀನು ಬಾ, ನಾನು ಬರಲ್ಲ. ಇಲ್ಲಿ ಇವನು ಡಬ್ಬದ ಹಾಗೆ ನಿಂತಿದಾನೆ, ಬಿಟ್ಟು ಬರೋಕಾಗಲ್ಲ... ಅಯ್ಯೋ, ಜಗಳ ಏನಿಲ್ಲ. ಬರ್ತಾ ಒಂದು ಡಬ್ಬ ತಗೊಂಡು ಬಾ. ಬಿಸ್ಕತ್ತಿಂದು, ಉದ್ದಂದು, ತಗಡಿಂದು. ಪ್ಲಾಸ್ಟಿಕ್ ಬೇಡ." ಆ ಕಡೆಯಿಂದ ಅಕ್ಕ ಏನೋ ದೊಡ್ಡದಾಗಿ ಕೇಳುತ್ತಿರುವುದು ಅವನಿಗೂ ಕೇಳಿಸಿತು. ಏನು ತುಂಬಿಸಿ ತರಲಿ ಎಂದಿರಬೇಕು.

"ಏನೂ ತುಂಬಿಸ್ಬೇಡ ಅಕ್ಕ," ಅಂದಳು ಅವಳು. "ಖಾಲೀನೇ ಬೇಕು."